ಕಾಲರ್ ಅಕ್ಕ ನನಗೆ ದಾಟಿಸಿದ ಎರಡು ಕಾಲರ್

ಹೊಲಿಗೆ ಕೆಲಸಕ್ಕೆಂದು ಹೋದ ಆ ದೇಶದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಖಾಲಿ ಬೀದಿ. ವಿಮಾನ ನಿಲ್ದಾಣದಿಂದ ಹಾಸ್ಟೆಲಿಗೆ ಬಸ್ಸು ಒಂದೂವರೆ ಗಂಟೆ ಓಡಿತು. ಒಂದು ನಾಯಿ ಕಾಣಲಿಲ್ಲ, ಬಾಗಿಲಲ್ಲಿ ಕೂತ ಒಬ್ಬ ಮುದುಕಿ ಕಾಣಲಿಲ್ಲ. ಜನರೆಲ್ಲ ಎಲ್ಲಿ ಹಾಳಾಗಿ ಹೋದರು ಅಂತ ನನಗೆ ಸಿಟ್ಟೇ ಬಂತು. ನಮ್ಮ ರೇಡಿಯೋ ಮಾತ್ರ ಕಿಟಕಿಗೆ ಮೂಗು ಒತ್ತಿಕೊಂಡು, "ಎಷ್ಟ್ ಕ್ಲೀನಾಗಿದೆ ನೋಡ್ರೇ! ಇಲ್ಲಿ ಸೀನೋಕೂ ಪರ್ಮಿಷನ್ ಬೇಕೇನೋ" ಎಂದು ಒಂದೇ ಸಮನೆ ವಟಗುಟ್ಟುತ್ತಿದ್ದಳು. ಬಾಯಿ ಮುಚ್ಚದವಳು ಅಂತಲೇ ಅವಳಿಗೆ ಆ ಹೆಸರು.

ನಾವು ಮೂವರು ಗೆಳತಿಯರು, ಊರಿನ ಗಾರ್ಮೆಂಟ್ಸಿನಲ್ಲಿ ಏಳು ವರ್ಷ ಒಂದೇ ಸಾಲಿನಲ್ಲಿ ಕೂತು ಹೊಲಿದವರು. ಮೂರನೆಯವಳು ಕಾಲರ್ ಅಕ್ಕ. ಅಂಗಿಯ ಕಾಲರಿನ ತುದಿಯನ್ನು ಅವಳಷ್ಟು ಚೂಪಾಗಿ ತೆಗೆಯುವವರು ನಮ್ಮಲ್ಲಿ ಇರಲಿಲ್ಲ. ಗಾರ್ಮೆಂಟ್ಸ್ ಮುಚ್ಚಿದ ಮೇಲೆ ಮನೆಯಲ್ಲೇ ಒಂದು ಮಷೀನ್ ಇಟ್ಟುಕೊಂಡಿದ್ದಳು. ಒಂದು ದಿನ ಪಕ್ಕದ ಬೀದಿಗೆ ಬ್ಲೌಸ್ ಕೊಟ್ಟು ಬರುವಷ್ಟರಲ್ಲಿ ಗಂಡ ಆ ಮಷೀನನ್ನು ಮಾರಿಬಿಟ್ಟಿದ್ದ. ಅವಳು ಜಗಳ ಆಡಲಿಲ್ಲ. ಮಾರನೇ ದಿನ ಬಂದು ನಮ್ಮ ಜೊತೆ, ಹೊರದೇಶದ ಕೆಲಸಕ್ಕೆ ಕಳಿಸುವ ಏಜೆಂಟನ ಫಾರ್ಮಿಗೆ ಸಹಿ ಹಾಕಿದಳು. "ನಂಗೇನೂ ಬೇಡ ಕಣ್ರೇ. ಯಾರೂ ಎತ್ಕೊಂಡು ಹೋಗದೇ ಇರೋ ಒಂದ್ ಮಷೀನ್ ಮುಂದೆ ಕೂತ್ರೆ ಸಾಕು" ಎಂದಳು.

ಹಾಸ್ಟೆಲಿನ ಕೋಣೆಯಲ್ಲಿ ಒಂದರ ಮೇಲೊಂದರಂತೆ ಆರು ಕಬ್ಬಿಣದ ಮಂಚ, ಹೊಸ ಪೇಂಟಿನ ವಾಸನೆ. ಕಿಟಕಿ ತೆಗೆದರೆ ಕೈಗೆಟುಕುವ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಸಮವಸ್ತ್ರದ ಹೆಂಗಸೊಬ್ಬಳು ಬಂದು ನಮ್ಮ ಪಾಸ್‌ಪೋರ್ಟುಗಳನ್ನು ಪ್ಲಾಸ್ಟಿಕ್ ಟ್ರೇನಲ್ಲಿ ಹಾಕಿಕೊಂಡು ಹೋದಳು. "ಅವನು ಮಷೀನ್ ಒಯ್ದ, ಇವಳು ಪಾಸ್‌ಪೋರ್ಟ್ ಒಯ್ದಳು. ಇನ್ನು ಒಯ್ಯೋಕೆ ನನ್ನ ಹತ್ರ ಉಳಿದಿರೋದು ಈ ಚಪ್ಪಲಿ" ಎಂದಳು ಅಕ್ಕ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮೂವರೂ ಒಟ್ಟಿಗೆ ಹಾಗೆ ನಕ್ಕದ್ದು ಅದೇ ಕೊನೆ.

ಮಾರನೇ ಬೆಳಿಗ್ಗೆ ಫ್ಯಾಕ್ಟರಿಯಲ್ಲಿ ಪರೀಕ್ಷೆ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಮಾಸ್ಟರು ಮೂರು ಬೆರಳು ಎತ್ತಿದರು: ಒಬ್ಬೊಬ್ಬರೂ ಮೂರು ಕಾಲರ್ ಹೊಲಿಯಬೇಕು. ಗೋಡೆಯ ಗಡಿಯಾರ ತೋರಿಸಿದರು: ಅರ್ಧ ಗಂಟೆ. ಮುಗಿಸಿದವರಿಗೆ ಮಷೀನ್, ಮುಗಿಸದವರಿಗೆ ಕೊನೆಯ ಮೇಜು. ಅಲ್ಲಿ ನಾಲ್ಕೈದು ಹೆಂಗಸರು ನಿಂತುಕೊಂಡು ಪುಟ್ಟ ಕತ್ತರಿಯಲ್ಲಿ ಅಂಗಿಗಳ ದಾರದ ತುದಿ ಕತ್ತರಿಸುತ್ತಿದ್ದರು.

ಅಲ್ಲಿಯ ಮಷೀನು ಕಾಲು ಸೋಕಿದರೆ ಸಾಕು, ಹುಚ್ಚು ಹಿಡಿದಂತೆ ಓಡುತ್ತಿತ್ತು. ನನ್ನ ಮೊದಲ ಕಾಲರಿನಲ್ಲೇ ಸೂಜಿ ಮುರಿಯಿತು, ಎರಡನೆಯದರ ತುದಿ ಸೊಟ್ಟಗಾಯಿತು. ಪಕ್ಕದ ಮಷೀನಿನಲ್ಲಿ ಅಕ್ಕ ಆಗಲೇ ಎರಡು ಮುಗಿಸಿದ್ದಳು. ನನ್ನ ಕಡೆ ನೋಡಿದವಳೇ ಅವೆರಡನ್ನೂ ಮೊಣಕೈಯಿಂದ ನನ್ನತ್ತ ಸರಿಸಿ, ನಾನು ಕೆಡಿಸಿದ್ದ ಎರಡನ್ನೂ ತನ್ನತ್ತ ಎಳೆದುಕೊಂಡಳು. "ಇವನ್ನ ಬಿಚ್ಚಿ ಹೊಲೀತೀನಿ, ಟೈಮಿದೆ. ನೀನು ಮೂರನೇದು ನೋಡ್ಕೋ."

ಊರಲ್ಲಿ ನಮ್ಮದು ಹೀಗೇ ನಡೆಯುತ್ತಿತ್ತು. ಒಬ್ಬಳ ಕೈ ಸೋತರೆ ಪಕ್ಕದವಳು ಎಳೆದುಕೊಳ್ಳುವುದು. ಸಂಜೆ ಇಡೀ ಸಾಲಿಗೆ ಒಂದೇ ಲೆಕ್ಕ. ಇಲ್ಲಿ ತಲೆಗೊಂದು ಲೆಕ್ಕ ಅಂತ ಅವಳಿಗೆ ಹೊಳೆಯಲೇ ಇಲ್ಲ.

ಗಂಟೆ ಹೊಡೆದಾಗ ಅವಳ ಮುಂದೆ ಒಂದು ಕಾಲರ್ ಮುಗಿದಿತ್ತು, ಇನ್ನೊಂದು ಅರ್ಧ ಬಿಚ್ಚಿಕೊಂಡು ಬಿದ್ದಿತ್ತು, ಮೂರನೆಯದಕ್ಕೆ ಕೈ ಹಾಕಿರಲಿಲ್ಲ. ಮಾಸ್ಟರು ನನ್ನ ಮುಂದಿದ್ದ ಮೂರರಲ್ಲಿ ಅಕ್ಕ ಹೊಲಿದ ಒಂದು ಕಾಲರ್ ಎತ್ತಿ, ಅದರ ಚೂಪಿನ ಮೇಲೆ ಉಗುರು ಆಡಿಸಿ, ಮೊದಲ ಸಲ ನಕ್ಕರು. ನನ್ನ ಕೊರಳಿಗೂ ರೇಡಿಯೋ ಕೊರಳಿಗೂ ನೀಲಿ ಕಾರ್ಡು ಬಿತ್ತು. ಅಕ್ಕನದು ಬಿಳಿ, ಕೊನೆಯ ಮೇಜಿನವರದು.

ನಾನು ಹೇಳಬಹುದಿತ್ತು. ಅದಕ್ಕೆ ಭಾಷೆ ಬೇಕಿರಲಿಲ್ಲ, ಅಕ್ಕನ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ಹೆದರಿಕೆಯಾಯಿತು ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆ ನೀಲಿ ಕಾರ್ಡು ನನಗೆ ಬೇಕಾಗಿತ್ತು.

ಮೂರು ವರ್ಷದ ಕರಾರು. ನಾನು ಹೊಲಿದ ಅಂಗಿಗಳೇ ಅಕ್ಕನ ಮೇಜಿಗೆ ಹೋಗುತ್ತಿದ್ದವು. ಅವಳು ನಿಂತೇ ಇರುತ್ತಿದ್ದಳು. ಆ ಮೇಜಿನವರಿಗೆ ಸ್ಟೂಲ್ ಇರಲಿಲ್ಲ. ರೇಡಿಯೋ ಮಾತು ದಿನದಿನಕ್ಕೆ ಕಡಿಮೆಯಾಗಿ ಒಂದು ದಿನ ನಿಂತೇಹೋಯಿತು. ಎರಡನೇ ವರ್ಷ ನಾನು, "ಮಾಸ್ಟರಿಗೆ ಹೇಳ್ಲಾ ಅಕ್ಕಾ?" ಎಂದು ಕೇಳಿದೆ.

"ಈಗ್ಯಾಕೆ? ನಿನ್ನನ್ನೂ ತಂದು ಇಲ್ಲೇ ನಿಲ್ಲಿಸ್ತಾರೆ. ಇಬ್ರ ಕಾಲೂ ಯಾಕೆ ನೋಯ್ಬೇಕು?" ಎಂದಳು. ನನಗೆ ಒಳಗೊಳಗೇ ನಿರಾಳವಾಯಿತು. ಥೂ, ನನ್ನ ಜನ್ಮಕ್ಕಿಷ್ಟು.

ಊರಿಗೆ ಹೊರಡಲು ಒಂದು ತಿಂಗಳಿದ್ದಾಗ ತಡೆಯಲಾಗಲಿಲ್ಲ. ಕಲಿತಿದ್ದ ಹರಕುಮುರುಕು ಭಾಷೆಯಲ್ಲಿ ಮಾಸ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಅಕ್ಕನನ್ನು ಕರೆದು, ನನ್ನನ್ನು ಎಬ್ಬಿಸಿ, ನನ್ನ ಮಷೀನಿನ ಮುಂದೆ ಅವಳನ್ನು ಕೂರಿಸಿದರು. ಅಕ್ಕ ಏಪ್ರನ್ನಿಗೆ ಎರಡೂ ಕೈ ಒರೆಸಿಕೊಂಡು, ಮಷೀನಿನ ತಲೆಯನ್ನು ಒಮ್ಮೆ ಸವರಿದಳು. ಬಟ್ಟೆ ಹಿಡಿದಳು. ಮೂರು ವರ್ಷ ಕತ್ತರಿ ಅಮುಕಿದ ಹೆಬ್ಬೆರಳು ನೆಟ್ಟಗಾಗಲೇ ಇಲ್ಲ. ಕಾಲರಿನ ತುದಿ ಸೊಟ್ಟಗಾಯಿತು. ಬಿಚ್ಚಿದಳು, ಮತ್ತೆ ಹೊಲಿದಳು, ಮತ್ತೆ ಸೊಟ್ಟಗಾಯಿತು. ಮಾಸ್ಟರು ಗಡಿಯಾರ ನೋಡಿ ಹೊರಟುಹೋದರು.

ಅಕ್ಕ ಎದ್ದಳು. ಅವತ್ತಿನ ಹಾಗೆಯೇ ಕಾಲರನ್ನು ಮೊಣಕೈಯಿಂದ ನನ್ನತ್ತ ಸರಿಸಿದಳು.

"ನೀನೇ ಹೊಲಿ. ನನ್ನ ಕೈ ಹೋಯ್ತು."

ನಾನು ಹೊಲಿದೆ. ಸ್ವಲ್ಪ ಹೊತ್ತಿಗೆ ಆ ಕಾಲರ್ ಕೂರಿಸಿದ ಅಂಗಿ ಅವಳ ಮೇಜಿಗೆ ಹೋಯಿತು. ಕೂತಲ್ಲಿಂದಲೇ ನೋಡುತ್ತಿದ್ದೆ: ಅವಳು ಕಾಲರಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನಾನು ಬಿಟ್ಟಿದ್ದ ದಾರವನ್ನು ಕತ್ತರಿಸಿದಳು.