ಹರಳಿನೊಳಗಿನ ಕರ್ಪೂರ

ಆ ಕಪಾಟಿನಲ್ಲಿ ಕರ್ಪೂರದ ಡಬ್ಬಿ ಇತ್ತು. ಇಟ್ಟವಳು ನಾನು. ಇರಲಿಲ್ಲ ಎಂದು ಎಲ್ಲರ ಮುಂದೆ ಹೇಳಿದವಳೂ ನಾನೇ. ಆ ಒಂದು ಮಾತಿಗೆ ಹಿರೇವಡ್ಡಟ್ಟಿಯ ರೇಣುಕಾ ಎಂಬ ಹುಡುಗಿ ಸುಳ್ಳುಗಾತಿ ಎನಿಸಿಕೊಂಡಳು, ಪಿಎಚ್.ಡಿ. ಅರ್ಧಕ್ಕೇ ಬಿಟ್ಟು ಊರಿಗೆ ಹೋದಳು. ನಾನು ದಿನಾ ಪೂಜೆ ಮಾಡಿಕೊಂಡು, ಉಂಡು, ನೆಟ್ಟಗೇ ಇದ್ದೆ. ಅಂದಿನಿಂದ ನಿದ್ದೆ ಬರಲಿಲ್ಲ ಎಂದೆಲ್ಲ ಬರೆಯಬಹುದು — ಆದರೆ ಅದು ಇನ್ನೊಂದು ಸುಳ್ಳು. ನಿದ್ದೆ ಬಂತು.

ನನಗೊಂದು ರೂಢಿ ಇದೆ. ದಿನದ ಸಣ್ಣಸಣ್ಣ ಉಪಕಾರಗಳನ್ನು ಎಣಿಸಿ ದೇವರಿಗೆ ಒಪ್ಪಿಸುವುದು. ನಳದ ನೀರು ಬಂತು. ಹಾಲು ಒಡೆಯಲಿಲ್ಲ. ಮೊಣಕಾಲು ಇವತ್ತು ದೇವರ ಜಗಲಿಯ ಮುಂದೆ ಕೂರಗೊಟ್ಟಿತು. ಆ ಸುಳ್ಳು ಹೇಳಿದ ದಿನವೂ ಎಣಿಸಿದ್ದೆ — ಯಾರೂ ನನ್ನನ್ನು ಎರಡನೇ ಸಲ ಕೇಳಲಿಲ್ಲ, ಅದು ನಿನ್ನ ಉಪಕಾರ, ತಂದೆ, ಎಂದು. ನನ್ನ ಕಳ್ಳತನದಲ್ಲಿ ದೇವರಿಗೂ ಒಂದು ಪಾಲು ಕೊಟ್ಟಿದ್ದೆ.

ನನ್ನ ಯಜಮಾನರು ಗದಗಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ತಾಮ್ರದಂಥ ಲೋಹಗಳ ಜೊತೆ ಬೇರೆ ಬೇರೆ ಅಣುಗಳನ್ನು ಕೂಡಿಸಿ, ಪಂಜರದಂಥ ಒಂದು ದೊಡ್ಡ ಅಣು ಕಟ್ಟುವುದು ಅವರ ವಿದ್ಯೆ. ಆ ಪಂಜರದ ಪೊಳ್ಳಿನಲ್ಲಿ ಇನ್ನೊಂದು ಪುಟ್ಟ ಅಣು ಬಂದು ಕೂರುತ್ತದಂತೆ. ಪಂಜರ ಆತಿಥೇಯ, ಒಳಗೆ ಬಂದದ್ದು ಅತಿಥಿ. ಮನೆಗೆ ಬಂದವರಿಗೆಲ್ಲ ಇದನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದರು. ಹಾಗೆ ಬಂದವರ ಮುಂದೆ ಒಂದು ತಂಬಿಗೆ ನೀರು ತಂದಿಟ್ಟದ್ದು ಮಾತ್ರ ನಾನು ಕಾಣೆ. ಜೀವಮಾನವಿಡೀ ಆತಿಥ್ಯದ ಮೇಲೆ ಲೇಖನ ಬರೆದ ಮನುಷ್ಯ!

ಅವರ ಬಳಗವನ್ನೂ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ನೋಡಿದ್ದೇನೆ. ಲೇಖನದಲ್ಲಿ ಯಾರ ಹೆಸರು ಮೊದಲು ಎಂಬುದಕ್ಕೆ ಮಾತು ಬಿಟ್ಟವರು, ಶಾಲು ಹೊದಿಸುವ ಹೊತ್ತಿಗೆ ಮಾತ್ರ ಪಕ್ಕಪಕ್ಕ ನಿಂತು ಹಲ್ಲು ಕಿರಿಯುತ್ತಿದ್ದರು. ಮೌಖಿಕ ಪರೀಕ್ಷೆಗೆಂದು ಬಂದ ಪರವೂರಿನ ಪರೀಕ್ಷಕರು ಹುಡುಗರ ಪ್ರಬಂಧವನ್ನು ಅಂಗೈಯಲ್ಲಿ ತೂಗಿ ನೋಡಿ, ನನ್ನ ಹೋಳಿಗೆ ತಿಂದು, ಸೋಫಾದ ಮೇಲೆ ಗೊರಕೆ ಹೊಡೆದು, ಎದ್ದು "ಭಾಳ ಛಲೋ ಕೆಲಸ" ಎನ್ನುತ್ತಿದ್ದರು. ಪ್ರಬಂಧಕ್ಕೋ ಹೋಳಿಗೆಗೋ ಎಂದು ನನಗೆ ತಿಳಿಯುತ್ತಿರಲಿಲ್ಲ. ಇಂಥವರ ನಡುವೆ ಆ ಹುಡುಗಿ ಬಂದಳು.

ರೇಣುಕಾ ಬಂದಾಗ ಯಜಮಾನರ ಪಂಜರದ ಅಣು ಬರೀ ಹಿಟ್ಟಿನಂಥ ಪುಡಿಯಾಗಿ ಸಿಗುತ್ತಿತ್ತು. ಎಂಥ ಅಣು ಕಟ್ಟಿದರೂ ಅದರ ರೂಪ ಕಾಣಬೇಕೆಂದರೆ ಹರಳು ಬೇಕು. ಹರಳಿಗೆ ಕ್ಷ-ಕಿರಣ ಹಾಯಿಸಿ ಒಳಗಿನ ಕಟ್ಟಡ ನೋಡುತ್ತಾರೆ. ಹರಳು ಬೆಳೆಯಲು ಸೀಸೆ ಅಲುಗಬಾರದು. ಕಾಲೇಜಿನ ಪ್ರಯೋಗಾಲಯವೋ ರೈಲು ಹಳಿಯ ಮಗ್ಗುಲಲ್ಲಿ. ಗಾಡಿ ಹೋದಾಗೊಮ್ಮೆ ಗಾಜೆಲ್ಲ ಗಿಲಿಗಿಲಿ. "ನಮ್ಮ ಮನ್ಯಾಗ ಇಡೂಣು" ಎಂದರು ಯಜಮಾನರು. ಬೆಟಗೇರಿಯ ನಮ್ಮ ಮನೆ ಹಳೆಯದು. ದೇವರ ಕೋಣೆಯ ಕಲ್ಲುಗೋಡೆ ಮೊಳ ದಪ್ಪ. ಒಳಗೆ ಬೇಸಿಗೆಯಲ್ಲೂ ತಂಪು. ಆ ಗೋಡೆಯಲ್ಲಿದ್ದ ಕಪಾಟಿನಲ್ಲಿ ನಾನು ಪೂಜೆಯ ಸಾಮಾನು ಇಡುತ್ತಿದ್ದೆ.

"ಅದನ್ನ ಖಾಲಿ ಮಾಡು. ಬಾಟ್ಲಿ ಬಿಟ್ರ ಒಳಗ ಏನೂ ಇರಬಾರದು" ಎಂದರು. ಯಾಕೆಂದು ಕೇಳಿದೆ. "ನಿನಗ ತಿಳಿಯೂದಿಲ್ಲ, ಬಿಡು."

ಆ ಮಾತು ಹೊಸದಲ್ಲ. ಆದರೆ ಅದೇ ದಿನ ರೇಣುಕಾ ಅದೇ ಪ್ರಶ್ನೆ ಕೇಳಿದಳು; ಅವಳಿಗೆ ಕುಳಿತು, ಚಿತ್ರ ಬರೆದು, ತಾಸುಗಟ್ಟಲೆ ಹೇಳಿದರು. ನಾನು ಅನುಮಾನದ ಹೆಂಗಸಲ್ಲ, ಆ ಹುಡುಗಿಯೂ ಅಂಥವಳಲ್ಲ. ಕಾಲು ತೊಳೆಯದೆ ದೇವರ ಕೋಣೆಗೆ ಬಂದವಳಲ್ಲ. ನನ್ನ ರೊಟ್ಟಿ ತಿಂದು "ಅಕ್ಕಾರ, ನಿಮ್ಮ ಕೈರುಚಿ ನಮ್ಮವ್ವಗೂ ಬರೂದಿಲ್ಲ" ಎನ್ನುತ್ತಿದ್ದಳು. ಆದರೂ ನನ್ನ ಹೊಟ್ಟೆ ಉರಿಯಿತು. ನನ್ನ ದೇವರ ಕಪಾಟು, ನನ್ನ ಗಂಡನ ಉತ್ತರ — ಎರಡೂ ಅವಳಿಗೆ.

ಹಾಗಾಗಿ ಉಳಿದೆಲ್ಲ ತೆಗೆದೆ, ಕರ್ಪೂರದ ಡಬ್ಬಿ ಮಾತ್ರ ಸೀಸೆಗಳ ಹಿಂದೆ ತಳ್ಳಿ ಇಟ್ಟೆ. ಮರೆತು ಅಲ್ಲ. ಹಟಕ್ಕೆ. ಅವಳು ಸೀಸೆ ನೋಡಲು ಬರುವ ಮೊದಲು ತೆಗೆಯುತ್ತಿದ್ದೆ, ಹೋದಮೇಲೆ ಮತ್ತೆ ಇಡುತ್ತಿದ್ದೆ. ಹಿತ್ತಾಳೆಯ ಡಬ್ಬಿ ಅದು, ಮುಚ್ಚಳ ಸೊಟ್ಟ. ತೆರೆದಿಟ್ಟ ಕರ್ಪೂರ ಗಾಳಿಗೆ ಹಾರಿಹೋಗುತ್ತದೆಂದು ನಾವು ಹೆಂಗಸರು ನಾಲ್ಕು ಮೆಣಸಿನಕಾಳು ಹಾಕಿಡುತ್ತೇವೆ. ಹಾಕಿಯೂ ಅದು ಕರಗುತ್ತಲೇ ಇತ್ತು. ಎಲ್ಲಿಗೆ ಹೋಗುತ್ತದೆಂದು ನಾನು ಯೋಚಿಸಲಿಲ್ಲ. ಸೀಸೆಗಳ ಬಾಯಿಗೆ ಕಟ್ಟಿದ ಬೆಳ್ಳಿಹಾಳೆಗೆ ರೇಣುಕಾ ಸೂಜಿಯಿಂದ ತೂತು ಮಾಡಿಟ್ಟಿದ್ದಳು, ಒಳಗಿನ ದ್ರವ ಮೆಲ್ಲಗೆ ಆರಲೆಂದು. ಹೊರಗೆ ಹೋಗುವ ದಾರಿ ಒಳಗೆ ಬರುವ ದಾರಿಯೂ ಹೌದಲ್ಲ...

ಹರಳು ಬಂತು. ನೀಲಿ, ಎಳ್ಳುಕಾಳಿನಷ್ಟು, ಅಂಚು ಕತ್ತರಿಸಿಟ್ಟ ಹಾಗೆ. ರೇಣುಕಾ ಕಪಾಟಿನ ಮುಂದೆ ಮಂಡಿಯೂರಿ ಅತ್ತಳು. ಯಜಮಾನರು ಪೇಢೆ ತಂದರು. ಲೇಖನ ಹೊರದೇಶದ ಪತ್ರಿಕೆಯಲ್ಲಿ ಬಂತು, ಶಾಲುಗಳು ಬಂದವು. ಎಲ್ಲಿ ಬೆಳೆಸಿದ್ದು ಎಂಬಲ್ಲಿ "ಪ್ರಯೋಗಾಲಯದಲ್ಲಿ" ಎಂದೇ ಬರೆದಿದ್ದರು. ದೇವರ ಕೋಣೆ ಎಂದರೆ ನಗುತ್ತಾರಲ್ಲ! ಪಂಜರದ ಒಳಗೆ ಏನೋ ಮಸುಕಾಗಿ ಕಾಣುತ್ತಿತ್ತಂತೆ; ಗುರುತು ಹತ್ತಲಿಲ್ಲ, ಯಾವುದೋ ದ್ರಾವಕ ಇರಬೇಕೆಂದು ಬಿಟ್ಟರು. ಅತಿಥಿ ಯಾರೆಂದು ಆತಿಥ್ಯದ ಪಂಡಿತರಿಗೆ ತಿಳಿಯಲಿಲ್ಲ.

ಆಮೇಲೆ ಬೇರೆ ಊರಿನವರು ಅದೇ ರೀತಿ ಮಾಡಿ ನೋಡಿದರು. ಹಿಟ್ಟು. ಕಾಲೇಜಿನಲ್ಲಿ ಮಾಡಿದರು. ಹಿಟ್ಟು. ಗುಸುಗುಸು ಶುರುವಾಯಿತು — ಬೇರೆ ಯಾವುದೋ ಹರಳು ಕಳಿಸಿ ಇದೇ ಅದೆಂದು ಹೇಳಿದ್ದಾರೆ, ಎಂದು. ಶಾಲು ಹೊದ್ದವರು ಯಜಮಾನರು; ಬೊಟ್ಟು ಮಾಡಿದ್ದು ರೇಣುಕಾಳ ಕಡೆಗೆ.

ವಿಭಾಗದ ಮುಖ್ಯಸ್ಥರು ಮಾತುಕತೆಗೆಂದು ನಮ್ಮ ಮನೆಗೇ ಬಂದರು. ರೇಣುಕಾಳನ್ನೂ ಕರೆಸಿದ್ದರು. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಸರ, ಹರಳು ಒಡದ್ರ ಕರ್ಪೂರದ ವಾಸನಿ ಬರತೈತಿ" ಎಂದಳು ಅವಳು ಯಜಮಾನರಿಗೆ. "ಮೊದಲೂ ನಿಮಗ ಹೇಳಿದ್ದೆ. ಒಳಗ ಕುಂತಿದ್ದು ಅದೇ ಇರಬೇಕು, ಅದು ಕುಂತ್ರನ ಹರಳು ಆಗತೈತಿ ಅನಸ್ತೈತಿ. ಅವು ಬೆಳದಿದ್ದು ಇಲ್ಲೇ, ದೇವರ ಕ್ವಾಣ್ಯಾಗ."

ಮುಖ್ಯಸ್ಥರು ಬಿದ್ದುಬಿದ್ದು ನಕ್ಕರು. "ಏನಪಾ ಪ್ರೊಫೆಸರಾ, ಮಂಗಳಾರತಿ ಮಾಡಿ ಹರಳು ಹುಟ್ಟಿಸೀಯೇನು? ಪ್ರಸಾದ ಅಂತ ಹಂಚಬೇಕಿತ್ತಲೇ!"

ಯಜಮಾನರ ಮುಖ ಕೆಂಪಾಯಿತು. "ಒಂದೆರಡು ಬಾಟ್ಲಿ ಇಟ್ಟಿದ್ದಳು, ಅಷ್ಟ" ಎಂದರು. ಅದು ಅವರ ಸುಳ್ಳು. ನನ್ನದು ಇನ್ನು ಬರಬೇಕಿತ್ತು.

"ಅಕ್ಕಾರನ್ನ ಕೇಳ್ರಿ, ಸರ" ಎಂದಳು ರೇಣುಕಾ. "ಅವರು ಸುಳ್ಳು ಹೇಳೂದಿಲ್ಲ."

ಯಜಮಾನರು ನನ್ನತ್ತ ತಿರುಗಿದರು. "ಆ ಕಪಾಟಿನ್ಯಾಗ ಕರ್ಪೂರ ಇತ್ತೇನು?"

"ಬಾಟ್ಲಿ ಬಿಟ್ರ ಏನೂ ಇರಲಿಲ್ಲರಿ" ಎಂದೆ.

ಯಜಮಾನರ ಹೆದರಿಕೆಯೇ? ಸ್ವಲ್ಪ. ಆದರೆ ಖರೆ ಹೇಳಬೇಕೆಂದರೆ — ಅವಳ ಮುಖ ಇಳಿಯುವುದನ್ನು ನೋಡಬೇಕಾಗಿತ್ತು ನನಗೆ. ಇಷ್ಟು ಕಲಿತವಳು, ಈಗ ನನ್ನ ಒಂದು ಮಾತಿಗೆ ಕಾಯುತ್ತಾಳೆ ಎಂಬುದು ಬಾಯಿಗೆ ಸಿಹಿಯಾಗಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ರೇಣುಕಾ ಬೇಡಿಕೊಂಡಳು — ಇನ್ನೊಮ್ಮೆ ಅದೇ ಕಪಾಟಿನಲ್ಲಿ ಇಟ್ಟು ನೋಡೋಣ, ಬರದಿದ್ದರೆ ನನ್ನದೇ ತಪ್ಪು ಎನ್ನಿ. ಇಟ್ಟರು. ಡಬ್ಬಿ ಇದ್ದಿದ್ದರೆ ಹರಳು ಬರುತ್ತಿತ್ತು. ನಾನು ಅದನ್ನು ಆ ಹೊತ್ತಿಗೆ ಅಡುಗೆಮನೆಯ ಗೋಡೆಯ ಮಾಡದಲ್ಲಿ ಅಕ್ಕಿಡಬ್ಬಿಯ ಹಿಂದೆ ಇಟ್ಟುಬಿಟ್ಟಿದ್ದೆ. ಬಾಗಿಲು ತೆರೆದಾಗ ಸೀಸೆಗಳ ತಳದಲ್ಲಿ ಹಿಟ್ಟು. ಆಗ ನನಗೆ ಸಂಶಯ ಉಳಿಯಲಿಲ್ಲ. ಅವಳಿಗೂ ಉಳಿಯಲಿಲ್ಲವೇನೋ — ಸೀಸೆಯನ್ನಲ್ಲ, ನನ್ನನ್ನು ನೋಡಿದಳು. ಅವಳಪ್ಪ ಹಾಸ್ಟೆಲಿನಿಂದ ಟ್ರಂಕು ಹೊತ್ತು ಕರೆದುಕೊಂಡು ಹೋದ. ಈಗ ಅವರೂರಿನ ಹತ್ತಿರದ ಮುಂಡರಗಿಯಲ್ಲಿ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತಾಳೆ. "ಸುಳ್ಳು ಹರಳಿನಾಕಿ" ಎಂಬ ಹೆಸರು ಅಲ್ಲಿಯವರೆಗೂ ಬಸ್ಸು ಹತ್ತಿ ಹೋಗಿತ್ತು.

ವರ್ಷಗಳು ಹೋದವು. ನಾನು ಅಮಾವಾಸ್ಯೆಗೆ ಶಿರಹಟ್ಟಿಯ ಮಠಕ್ಕೆ ಹೋದೆ, ಉಪವಾಸ ಮಾಡಿದೆ, ಕರ್ಪೂರ ಬೆಳಗಿದೆ. ಕರ್ಪೂರ ಉರಿದರೆ ಏನೂ ಉಳಿಯುವುದಿಲ್ಲ, ಹಾಗೆ ನಾವೂ ಆಗಬೇಕು ಎಂದು ಪ್ರವಚನದಲ್ಲಿ ಕೇಳಿದಾಗ ಎಲ್ಲರ ಜೊತೆ ತಲೆದೂಗಿದೆ.

ಯಜಮಾನರು ನಿವೃತ್ತರಾದಾಗ ಶಿಷ್ಯರು ಸನ್ಮಾನ ಇಟ್ಟುಕೊಂಡರು. ನನಗೂ ಮೊದಲ ಸಾಲಿನಲ್ಲಿ ಕುರ್ಚಿ. ಮಾತಾಡುತ್ತ ಮಾತಾಡುತ್ತ ಯಜಮಾನರು ಸಂಶೋಧನೆಯಲ್ಲಿ ಪ್ರಾಮಾಣಿಕತೆಯ ಮಾತಿಗೆ ಬಂದರು. ಒಮ್ಮೆ ಒಬ್ಬ ವಿದ್ಯಾರ್ಥಿನಿ ತಮಗೆ ಹೇಗೆ ಮೋಸ ಮಾಡಿದಳು, ತಾವು ಹೇಗೆ ನೋವು ನುಂಗಿ ಸತ್ಯದ ಕಡೆ ನಿಂತರು ಎಂದು ಕೈ ಬೀಸಿ ಬೀಸಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನೋಡಿದರೆ ನನ್ನ ಕೈಗಳೂ ತಟ್ಟುತ್ತಿದ್ದವು. ಆ ಕೈಗಳನ್ನು ನೋಡಿ ನನಗೆ ಹೇಸಿಗೆ ಬಂತು. ಅವರ ಮೇಲೆ ಬಂದದ್ದಕ್ಕಿಂತ ಹೆಚ್ಚು.

ಮಾರನೆಯ ಬೆಳಿಗ್ಗೆ ಅವರಿಗೆ ಹೇಳಿದೆ. ಡಬ್ಬಿ, ಹಟ, ಸುಳ್ಳು, ಅಕ್ಕಿಡಬ್ಬಿಯ ಹಿಂದೆ ಬಚ್ಚಿಟ್ಟಿದ್ದು — ಎಲ್ಲ. ಬೈಯಲಿ, ಹೊಡೆಯಲಿ, ಅಳಲಿ ಎಂದು ಕಾದೆ.

"ಕರ್ಪೂರ!" ಎಂದು ಎದ್ದು ನಿಂತರು. ಕಣ್ಣುಗಳು ಮಿಂಚುತ್ತಿದ್ದವು. "ಗುಂಡಗಿರೂ ಅಣು ಅದು. ಪಂಜರದಾಗ ಬರೋಬ್ಬರಿ ಕೂಡತೈತಿ! ಇಷ್ಟು ವರ್ಷ ಯಾಕ ಹೊಳೀಲಿಲ್ಲ ನನಗ?"

"ರೇಣುಕಾ..." ಎಂದೆ.

"ಅದನ್ನ ಆಮ್ಯಾಲ ನೋಡೂಣು. ಇದು ಹೊಸಾ ಲೇಖನ ಆಗತೈತಿ."

ಅಂದೇ ಒಬ್ಬ ಹಳೆಯ ಶಿಷ್ಯನಿಗೆ ಫೋನು ಮಾಡಿ ಸಾಮಾನು ತರಿಸಿದರು. ಸಂಜೆಯೊಳಗೆ ಕಪಾಟಿನಲ್ಲಿ ಸೀಸೆಗಳು ಬಂದವು. ಲೇಖನದ ಮೇಲೆ ಯಾರ ಹೆಸರು ಎಂದು ಕೇಳಿದೆ. "ನಂದು, ಈ ಹುಡುಗಂದು. ಮತ್ಯಾರದು?" ಎಂದು, ಸೀಸೆ ಹೊಂದಿಸುತ್ತಲೇ ಕೂಗಿದರು — "ಡಬ್ಬಿ ಮುಚ್ಚಳಾ ತಗದಿಡು."

ಆಗ ತಿಳಿಯಿತು, ನಾನು ಮತ್ತೆ ಅದೇ ತಪ್ಪು ಮಾಡಿದೆನೆಂದು. ಯಾರ ಮುಂದೆ ಹೇಳಬೇಕಿತ್ತೋ ಅವಳನ್ನು ಬಿಟ್ಟು ಇವರ ಮುಂದೆ ಹೇಳಿದ್ದೆ. ಅವಳ ಹೆಸರು ಆಗಲೇ ಕಳೆದಿದ್ದೆ; ಈಗ ಅವಳು ಕಂಡುಹಿಡಿದದ್ದನ್ನೂ ತಾಟಿನಲ್ಲಿಟ್ಟು ಇವರಿಗೆ ಬಡಿಸಿದ್ದೆ.

ಬೆಳಗಾದ ಮೇಲೆ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಮುಂಡರಗಿ ಬಸ್ಸು ಹತ್ತಿದೆ. ಡಬ್ಬಿ ಒಯ್ದರೆ ಇವರ ಹರಳು ನಿಲ್ಲುತ್ತದೆಂದಲ್ಲ; ಕರ್ಪೂರ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲಲಿಲ್ಲ, ಅಷ್ಟೆ.

ರೇಣುಕಾ ಬಾಗಿಲು ತೆರೆದಳು. ಕೂದಲು ಅಲ್ಲಲ್ಲಿ ನೆರೆತಿತ್ತು. ಹೊಸ್ತಿಲ ಹೊರಗೆ ನಿಂತೇ ಹೇಳಿದೆ. ಯಜಮಾನರು ಮತ್ತೆ ಸೀಸೆ ಇಟ್ಟಿದ್ದನ್ನೂ ಹೇಳಿದೆ. ಪೂರ್ತಿ ಕೇಳಿದಳು.

"ನಾ ವಾಸನಿ ಬರತೈತಿ ಅಂದಾಗ ನೀವು ಅಲ್ಲೇ ಇದ್ರಿ."

"ಹೌದು."

"ಚಹಾ ಹಿಡಕೊಂಡು."

"ಹೌದವಾ."

ಆಮೇಲೆ ಕೇಳಿದಳು: "ಆರತಿ ಕರ್ಪೂರೋ, ಪಚ್ಚ ಕರ್ಪೂರೋ? ಎರಡೂ ಬ್ಯಾರೆ."

ನನ್ನ ಕಣ್ಣು ತುಂಬಿತು. ಆ ಬಳಗದಲ್ಲಿ ಯಾರೂ ಕೇಳದ ಪ್ರಶ್ನೆ. ಯಜಮಾನರೂ ಕೇಳಿರಲಿಲ್ಲ.

"ಆರತೀದು. ಆಗಿಂದ ಒಂದ ಅಂಗಡೀದು" ಎಂದು ಡಬ್ಬಿ ಚಾಚಿದೆ. ತೆಗೆದುಕೊಂಡಳು, ಮುಚ್ಚಳ ತೆರೆದು ಮೂಸಿದಳು. ಒಳಗಿನ ಮೆಣಸಿನಕಾಳನ್ನು ಬೆರಳಿಂದ ಹೊರಳಿಸಿ ನೋಡಿದಳು.

"ನಾಲ್ಕು ಮಂದಿ ಮುಂದ ಹೇಳ್ತೀರೇನು ಇದನ್ನ?"

"ಹೆಸರು ಹಾಕಿ ಬರೀತೇನಿ."

"ಬರೀರಿ" ಎಂದು ಬಾಗಿಲು ಎಳೆದು ಮುಚ್ಚಿದಳು.

ಬಾ ಎನ್ನಲಿಲ್ಲ. ನೀರು ಬೇಕೇ ಎನ್ನಲಿಲ್ಲ. ನಮ್ಮ ಸೀಮೆಯಲ್ಲಿ ವೈರಿ ಬಂದರೂ ಮೊದಲು ತಂಬಿಗೆ ನೀರು ಕೊಡುತ್ತಾರೆ. ಆ ಹುಡುಗಿ ಕೊಡಲಿಲ್ಲ, ನಾನು ಕೇಳಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕುಡಿಯುವ ನೀರಿನ ತೊಟ್ಟಿ ಇತ್ತು, ಕುಡಿಯದೆ ಅದರ ಮುಂದೆಯೇ ಹಾದು ಬಂದೆ.

ಇದೇ ಆ ಬರಹ. ಇನ್ನು ಯಾವ ಪತ್ರಿಕೆಯಲ್ಲಿ ಯಾರ ಹೆಸರಿನಲ್ಲಿ ಆ ನೀಲಿ ಹರಳು ಮತ್ತೆ ಕಂಡರೂ, ಅದರೊಳಗಿನ ಅತಿಥಿಯನ್ನು ಮೊದಲು ಗುರುತಿಸಿದವಳು ಹಿರೇವಡ್ಡಟ್ಟಿಯ ರೇಣುಕಾ. ಅವಳನ್ನು ಸುಳ್ಳುಗಾತಿ ಮಾಡಿದವಳು ನಾನು. ಯಜಮಾನರು ಇದನ್ನು ಓದಲಿ. ಓದಿದ ಮೇಲೆ ತಮ್ಮ ನೀರು ತಾವೇ ತುಂಬಿಕೊಂಡು ಕುಡಿಯಲಿ.

ಮುಂಡರಗಿಯಿಂದ ಬಂದ ದಿನ ಜಗಲಿಯ ಮುಂದೆ ಕುಳಿತೆ. ಮೊಣಕಾಲು ಕೂರಗೊಟ್ಟಿತು, ನಳದ ನೀರೂ ಬಂದಿತ್ತು. ನಾನು ಏನನ್ನೂ ಎಣಿಸಲಿಲ್ಲ.