ಅಕ್ಕನ ದಿನಚರಿಯಿಂದ ಕದ್ದ ಪದ್ಯ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ನಲವತ್ತರ ದಶಕದಲ್ಲಿ, ಹೈಸ್ಕೂಲಿನಲ್ಲಿ ಬಹುಮಾನ ಪಡೆದ ನನ್ನ ಪದ್ಯವನ್ನು ನಮ್ಮ ಹಳ್ಳಿ ಮಧುರೆಯ ಮನೆಯಲ್ಲಿ ಎಲ್ಲರಿಗೂ ಓದಿದೆ.

"ಯಾರ್ ಹೇಳ್ಕೊಟ್ರೋ?" ಎಂದರು ಅಪ್ಪ.

"ಯಾರೂ ಇಲ್ಲ, ನಾನೇ ಕಟ್ಟಿದ್ದು."

ಮುದ್ದೆ ಕಟ್ಟುತ್ತಿದ್ದ ಅಕ್ಕನ ಕೈ ನಿಂತಿತು. ಮಗುವನ್ನು ಕಳೆದುಕೊಂಡು ತವರಿಗೆ ಮರಳಿದ್ದ ಅವಳು, "ಇವತ್ತು ಅವರೆ ಹೂ ಬಿಟ್ಟಿದೆ ಕಂದಾ" ಎಂದೆಲ್ಲ ಆ ಮಗುವಿಗೆ ದಿನವೂ ದಿನಚರಿ ಬರೆಯುತ್ತಿದ್ದಳು. ನಾನು ಗುಟ್ಟಾಗಿ ಓದಿ, ಆ ಮಾತುಗಳನ್ನೇ ಪದ್ಯ ಮಾಡಿದ್ದೆ.

ಅಪ್ಪ ಎದ್ದುಹೋದ ಮೇಲೆ ಅಕ್ಕ ಮೆಲ್ಲಗೆ, "ಚೆನ್ನಾಗೈತೆ ಕಣೋ. ಆದ್ರೆ ಅದನ್ನ ನಿಂಗೆ ಅಂತ ಬರ್ದಿರ್ಲಿಲ್ಲ" ಎಂದಳು.

ಅವಳು ಮತ್ತೆಂದೂ ಬರೆಯಲಿಲ್ಲ. ಮಗುವಿನೊಡನೆ ಮಾತಾಡಲು ಅವಳಿಗಿದ್ದ ಒಂದೇ ಜಾಗವನ್ನು ನಾನು ಕಿತ್ತುಕೊಂಡಿದ್ದೆ. ಅವಳು ಕಣ್ಮುಚ್ಚುವವರೆಗೂ ನಾನು ಕ್ಷಮೆ ಕೇಳಲಿಲ್ಲ. ಆ ಪದ್ಯ ನಿಜವಾಗಿ ಅವಳದು. ಅವಳ ಹೆಸರು ಪುಟ್ಟತಾಯಮ್ಮ.