ಮುನಿನಾರಾಯಣಪ್ಪನ ಎಡೆಯ ಬಾಟಲಿ

ಪುಟ್ಟೇನಹಳ್ಳಿಯ ಮುನಿನಾರಾಯಣಪ್ಪ ಕುಡುಕನೆಂದು ಊರೇ ತೀರ್ಪು ಕೊಟ್ಟಿತ್ತು. ಕೆರೆ ಏರಿಯ ಮೇಲೆ ತೂರಾಡಿಕೊಂಡು ಬರುತ್ತಿದ್ದ, ಮಾತು ತೊದಲುತ್ತಿತ್ತು, ಇನ್ನೇನು ಸಾಕ್ಷಿ ಬೇಕು? ಹೆಂಡತಿ ಮುನಿಕೆಂಪಮ್ಮ ದಿನಾ ಬಾಯಿ ಮೂಸಿ ನೋಡುತ್ತಿದ್ದಳು. ವಾಸನೆಯೇ ಇರುತ್ತಿರಲಿಲ್ಲ. ಅದಕ್ಕೂ ಊರಿನ ಹತ್ತಿರ ಉತ್ತರವಿತ್ತು: ಏಲಕ್ಕಿ ಅಗಿದುಕೊಂಡು ಬರುತ್ತಾನೆ! ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಆ ಹೆಸರು ಹೊತ್ತೇ ಅವನು ಸತ್ತ. ಸತ್ತ ಮೇಲೂ ಅದು ಬಿಡಲಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಇಷ್ಟವಾದದ್ದನ್ನು ಎಡೆಗೆ ಇಡುವುದು ಆ ಮನೆಯ ಪದ್ಧತಿ. ತಮ್ಮ ಚಿಕ್ಕಬೈರಪ್ಪ ಪ್ರತಿ ವರ್ಷ ಮುದ್ದೆ, ಬಾಡಿನ ಸಾರಿನ ಪಕ್ಕ ಒಂದು ಬ್ರಾಂದಿ ಬಾಟಲಿ ಇಟ್ಟು ಅಣ್ಣನಿಗೆ ಕೈಮುಗಿಯುತ್ತಿದ್ದ.

ಮುನಿನಾರಾಯಣಪ್ಪನ ಒಬ್ಬಳೇ ಮಗಳು ಗಂಗರತ್ನಮ್ಮ. ಬ್ಲೌಸ್ ಹೊಲಿಯುವುದರಲ್ಲಿ ಯಲಹಂಕಕ್ಕೆಲ್ಲ ಎತ್ತಿದ ಕೈ. 2013ರ ಸುಮಾರಿಗೆ ಆ ಕೈಗೆ ಸೂಜಿಯಲ್ಲಿ ದಾರ ಪೋಣಿಸಲು ಬಾರದಾಯಿತು. ನಡೆದರೆ ಕಾಲು ಅಡ್ಡಡ್ಡ ಬೀಳತೊಡಗಿತು. "ಅಪ್ಪನ ಚಾಳಿ ಮಗಳಿಗೂ ಬಂತು" ಎಂದು ಬೀದಿಯವರು ನಕ್ಕರು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಆಸ್ಪತ್ರೆಗೆ ಹೋದಳು.

ವಂಶದಿಂದ ಬರುವ ನರರೋಗಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ರಾಧಾಮಣಿ ಅಲ್ಲಿ ಅವಳನ್ನು ಪರೀಕ್ಷಿಸಿ ಬಿಡಿಸಿ ಹೇಳಿದರು. "ಮೆದುಳಿನ ಹಿಂದ್ಗಡೆ ಬ್ಯಾಲೆನ್ಸ್ ನೋಡ್ಕೊಳ್ಳೋ ಭಾಗ ಒಂದಿದೆ ಅಮ್ಮ, ಅದು ಸವೀತಾ ಇದೆ. ನಿಮ್ಮ ತಂದೆಗೂ ಇದೇ ಇದ್ದಿರ್ಬೇಕು. ವಾಸಿ ಮಾಡೋ ಔಷಧಿ ಇನ್ನೂ ಇಲ್ಲ. ಹುಡುಕೋಕೆ ನಿಮ್ಮ ಮನೆತನದವರ ರಕ್ತ ಬೇಕು, ಚೆನ್ನಾಗಿರೋರದ್ದೂ."

ಗಂಗರತ್ನಮ್ಮ ತನ್ನ ಗತಿಯೇನೆಂದು ಕೇಳಲಿಲ್ಲ. "ಹಂಗಾದ್ರೆ ನಮ್ಮಪ್ಪ ಕುಡೀತಿರ್ಲಿಲ್ವಾ ಮೇಡಂ?"

"ಈ ಥರ ತೂರಾಡೋಕೆ ಕುಡೀಲೇಬೇಕು ಅಂತಿಲ್ಲಮ್ಮ."

ಚಿಕ್ಕಬೈರಪ್ಪ ಹೂಂ ಅನ್ನದೆ ಮನೆತನದಲ್ಲಿ ಯಾರೂ ರಕ್ತಕ್ಕೆ ಕೈ ಚಾಚುವವರಲ್ಲ. ಅವನೋ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಕುಡುಕ ಅಂದ್ರೆ ಅವನೊಬ್ಬನಿಗೇ ಮುಗೀತು. ವಂಶದ ಕಾಯ್ಲೆ ಅಂದ್ರೆ ನನ್ ಮೊಮ್ಮಗಳು ನಯನನ್ನ ಯಾರವ್ವ ಮಾಡ್ಕೊಂತಾರೆ?"

ಗಂಗರತ್ನಮ್ಮ ವಾದಕ್ಕಿಳಿಯದೆ ಪಿತೃಪಕ್ಷಕ್ಕೆ ಕಾದಳು.

ಹಬ್ಬದ ದಿನ ದಾಯಾದಿಗಳೆಲ್ಲ ಸೇರಿದ್ದರು. ಚಿಕ್ಕಬೈರಪ್ಪ ಎಂದಿನಂತೆ ಬಾಟಲಿ ಇಟ್ಟ. ಗಂಗರತ್ನಮ್ಮ ಗೋಡೆ ಹಿಡಿದು ಎದ್ದು, ತೂರಾಡುತ್ತಲೇ ಬಂದು, ಬಾಟಲಿ ಎತ್ತಿ ಅವನ ಕೈಗೆ ಕೊಟ್ಟಳು.

"ನನ್ ಬಾಯಿ ಮೂಸ್ನೋಡು ಚಿಕ್ಕಪ್ಪ. ನಾನ್ ಯಾವ್ ಅಂಗ್ಡೀಲಿ ಕುಡ್ದೆ, ಹೇಳು."

ಚಿಕ್ಕಬೈರಪ್ಪ ಬಾಟಲಿ ಹಿಡಿದು ಕುಸಿದು ಕೂತ. "ಮುನೇಶ್ವರನ ಮುಂದೆ ಆಣೆ ಮಾಡಿದ್ದ ಕಣವ್ವ, ಕುಡ್ದಿಲ್ಲ ಅಂತ. ಸುಳ್ಳಾಣೆ ಅಂತ ನಾನು ಕೆನ್ನೆಗೆ ಬಾರಿಸ್ದೆ." ಮುದುಕ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ.

"ಮುಚ್ಚಿಟ್ಟು ಮದ್ವೆ ಆಗೋದು ನಂಗೂ ಬೇಡ ತಾತ" ಎಂದಳು ನಯನಾ.

ಮುಂದಿನ ವಾರ ಒಂದು ವ್ಯಾನು ತುಂಬ ಜನ ಆಸ್ಪತ್ರೆಗೆ ಹೋದರು. ರಕ್ತ ಕೊಡಲು ಮೊದಲು ಅಂಗಿಯ ತೋಳು ಮಡಿಸಿದವನು ಚಿಕ್ಕಬೈರಪ್ಪ. ಗಂಗರತ್ನಮ್ಮನ ಕಾಯಿಲೆ ವಾಸಿಯಾಗಲಿಲ್ಲ. ಆದರೆ ಅಂದಿನಿಂದ ಅವಳು ಬೀದಿಯಲ್ಲಿ ತಲೆಯೆತ್ತಿಕೊಂಡೇ ತೂರಾಡಿದಳು. ಅಂಥ ಹೆಮ್ಮೆಯನ್ನು ನೆಟ್ಟಗೆ ನಡೆಯುವವರಲ್ಲೂ ಪುಟ್ಟೇನಹಳ್ಳಿ ಕಂಡಿಲ್ಲ.

ಮರುವರ್ಷ ಎಡೆಗೆ ಏನಿಡುವುದೆಂಬ ಪ್ರಶ್ನೆ ಬಂತು. ಅಣ್ಣನಿಗೆ ಬೆಲ್ಲದ ಕಾಫಿಯೆಂದರೆ ಪ್ರಾಣ ಎಂದು ಚಿಕ್ಕಬೈರಪ್ಪ ನೆನಪಿಸಿಕೊಂಡ. ಗಂಗರತ್ನಮ್ಮ ತಾನೇ ಲೋಟ ಹಿಡಿದು ಬಂದಳು. ಕೈ ನಡುಗಿ ಅರ್ಧ ಕಾಫಿ ಎಲೆಯ ಮೇಲೆಲ್ಲ ಚೆಲ್ಲಿತು. ಒರೆಸಲು ಬಟ್ಟೆ ತಂದವರನ್ನು ಚಿಕ್ಕಬೈರಪ್ಪ ತಡೆದ.

"ಇರ್ಲಿ ಬಿಡ್ರೋ. ಅವ್ನೂ ಇಂಗೇ ಚೆಲ್ತಿದ್ದ."